ವೈಸ್ ಬಿಚ್ಚಿದ ಮೇಲಿನ ಅಳತೆ

ಮಿಲ್ಲಿಂಗ್ ಮಷೀನಿನ ಮೇಲೆ, ವೈಸ್ ಅನ್ನುವ ಇಕ್ಕಳದಲ್ಲಿ ಬಿಗಿದಿದ್ದಾಗ ಆ ಅಲ್ಯೂಮಿನಿಯಂ ಪ್ಲೇಟು ಚೊಕ್ಕವಾಗಿತ್ತು. ಏರಿಳಿತವನ್ನು ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್ ಇಟ್ಟು ಈ ಮೂಲೆಯಿಂದ ಆ ಮೂಲೆಗೆ ಓಡಿಸಿದೆ. ಮುಳ್ಳು 10 ಮೈಕ್ರಾನಿನ, ಅಂದರೆ ಮಿ.ಮೀ.ನ ನೂರನೇ ಒಂದು ಪಾಲಿನ, ಒಳಗೇ ಅಲ್ಲಾಡಿತು. ತಲೆಕೂದಲು ಅದಕ್ಕಿಂತ ಎಷ್ಟೋ ಪಟ್ಟು ದಪ್ಪ. ಖುಷಿಯಿಂದ ವೈಸ್ ಬಿಚ್ಚಿದೆ. ಬಿಚ್ಚುವಾಗ ಸಣ್ಣಗೆ ಟಿಕ್ ಅಂತ ಸದ್ದಾಯಿತು. ಆಗಲೇ ಅನುಮಾನ ಬರಬೇಕಿತ್ತು, ಬರಲಿಲ್ಲ. ಪ್ಲೇಟನ್ನು ಒರೆಸಿ ಪಕ್ಕಾ ಚಪ್ಪಟೆಯಾದ ಗ್ರಾನೈಟ್ ಸರ್ಫೇಸ್ ಪ್ಲೇಟಿನ ಮೇಲಿಟ್ಟು ಒಂದು ಮೂಲೆಯನ್ನು ಬೆರಳಿನಿಂದ ಒತ್ತಿದೆ. ಎದುರು ಮೂಲೆ ಮೇಲೆದ್ದಿತು. ಸಂದು ಅಳೆಯುವ 0.2 ಮಿ.ಮೀ. ದಪ್ಪದ ಪಟ್ಟಿ, ಫೀಲರ್ ಗೇಜ್, ಅದರಡಿಗೆ ಸಲೀಸಾಗಿ ನುಗ್ಗಿತು.

ಪ್ರಯೋಗಾಲಯದ ಉಪಕರಣಗಳಿಗೆ ಅಲ್ಯೂಮಿನಿಯಂ ಭಾಗಗಳನ್ನು ಮಾಡಲು ಶುರು ಮಾಡಿದ ಹೊಸದು ಅದು. ಮೈಕ್ರೋಸ್ಕೋಪಿನ ಪಕ್ಕ ಕೂರುವ ಸ್ಯಾಂಪಲ್ ಸ್ಟೇಜಿನ ಅಡಿಹಲಗೆ. 250 ಮಿ.ಮೀ. ಉದ್ದ, 150 ಅಗಲ, 8 ದಪ್ಪ. ಒಂದು ಬದಿಯಲ್ಲಿ ದೊಡ್ಡ ಪಾಕೆಟ್, ಅಂದರೆ ಕಡಿದು ತೆಗೆದ ತಗ್ಗು, ಅದರ ತಳದ ದಪ್ಪ ಬರೀ 3 ಮಿ.ಮೀ. ನೋಡಲು ಸುಲಭದ ಜಾಬ್, ಕಡಿಯುವ ತುಂಡಿಗೆ ನಾವು ಹಾಗನ್ನುತ್ತೇವೆ. ಚಪ್ಪಟೆಯಾಗಿರಬೇಕು, ಅಷ್ಟೇ.

ನಾನು ಮೊದಲು ಬೈದದ್ದು ಮಷೀನನ್ನು. ಟೂಲನ್ನು ಹಿಡಿದು ತಿರುಗಿಸುವ ಸ್ಪಿಂಡಲ್ ಟೇಬಲ್ಲಿಗೆ ಲಂಬವಾಗಿದೆಯಾ ಅಂತ ಪರೀಕ್ಷಿಸಿದೆ. ಇತ್ತು. ಕಡಿಯುವ ಟೂಲು, ಎಂಡ್ ಮಿಲ್, ಬದಲಿಸಿದೆ. ಫಿನಿಶಿಂಗ್ ಅನ್ನುವ ಕೊನೆಯ ಕಟ್ ಇನ್ನೂ ತೆಳ್ಳಗೆ ತೆಗೆದೆ. ಮೂರು ಪ್ಲೇಟು ಹಾಳಾದವು. ಮೂರೂ ಒಂದೇ ರೀತಿ, ಬಿಲ್ಲಿನ ಹಾಗೆ ಬಾಗಿದ್ದವು. ಪಕ್ಕದ ಮಷೀನಿನಲ್ಲಿ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರು ಎರಡು ದಿನ ಸುಮ್ಮನೆ ನೋಡಿ ಮೂರನೇ ದಿನ ಬಂದು ಕೇಳಿದರು.

‘ಬಿಚ್ಚೋವಾಗ ಡಯಲ್ ಇಟ್ಟು ನೋಡಿದ್ಯಾ?’

‘ಇಲ್ಲ ಸಾರ್. ಬಿಚ್ಚೋಕ್ ಮುಂಚೆ ನೋಡಿದೆ.’

‘ಮತ್ತೇನು ನೋಡ್ದಂಗಾಯ್ತು?’

ನಾಲ್ಕನೇ ಪ್ಲೇಟಿಗೆ ಅವರು ಹೇಳಿದ ಹಾಗೆ ಮಾಡಿದೆ. ಡಯಲ್ ಗೇಜಿನ ತುದಿಯನ್ನು ಪ್ಲೇಟಿನ ನಡುಮಧ್ಯ ಇಟ್ಟು, ಮುಳ್ಳು ಸೊನ್ನೆಗೆ ತಂದು, ವೈಸಿನ ಹಿಡಿಯನ್ನು ಮೆಲ್ಲಗೆ ತಿರುಗಿಸಿದೆ. ಅರ್ಧ ಸುತ್ತಿಗೆ ಮುಳ್ಳು 60 ಮೈಕ್ರಾನ್ ಓಡಿತು. ಪೂರ್ತಿ ಸಡಿಲವಾಗುವ ಹೊತ್ತಿಗೆ 190. ಕಣ್ಣೆದುರೇ ಪ್ಲೇಟು ಬಾಗುತ್ತಿತ್ತು. ಮಷೀನು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ಹಿಡಿದಿದ್ದಷ್ಟು ಹೊತ್ತು ಪ್ಲೇಟು ಚಪ್ಪಟೆಯೇ. ಆದರೆ ಲ್ಯಾಬಿನಲ್ಲಿ ಯಾರೂ ಅದನ್ನು ವೈಸ್ ಸಮೇತ ಬಳಸುವುದಿಲ್ಲವಲ್ಲ!

ಅವತ್ತಿನಿಂದ ನನ್ನ ಕೆಲಸದಲ್ಲಿ ಏನೇ ಸುಧಾರಣೆ ಆಗಿದ್ದರೂ ಅದು ಬಹುಪಾಲು ಈ ಒಂದು ಪ್ರಶ್ನೆಯಿಂದಲೇ ಬಂದದ್ದು. ಕೈ ಬಿಟ್ಟ ಮೇಲೆ ಈ ಜಾಬ್ ಏನು ಮಾಡುತ್ತದೆ?

ಬಾಗುವುದಕ್ಕೆ ಕಾರಣ ಲೋಹದೊಳಗೇ ಇರುತ್ತದೆ. ನಾವು ಹೆಚ್ಚಾಗಿ ಬಳಸುವುದು 6061. ಮೆಗ್ನೀಸಿಯಂ ಮತ್ತು ಸಿಲಿಕಾನ್ ಬೆರೆಸಿದ ಅಲ್ಯೂಮಿನಿಯಂ. ಇದಕ್ಕೆ ಬಲ ಬರಲು ಸುಮಾರು 530 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ತಟ್ಟನೆ ನೀರಿನಲ್ಲಿ ತಣಿಸುತ್ತಾರೆ. ಆಮೇಲೆ 160-175 ಡಿಗ್ರಿಯಲ್ಲಿ ಕೆಲವು ಗಂಟೆ ಇಡುತ್ತಾರೆ. ಹೀಗೆ ಬಂದದ್ದು ಟಿ6. ತಣಿಸುವಾಗ ಹೊರಪದರ ಮೊದಲು ತಣ್ಣಗಾಗಿ ಗಟ್ಟಿಯಾಗುತ್ತದೆ. ಒಳಗಿನದು ನಿಧಾನವಾಗಿ ಕುಗ್ಗುತ್ತ ಹೊರಗಿನದನ್ನು ಎಳೆಯುತ್ತದೆ. ಕೊನೆಗೆ ಮೇಲ್ಪದರ ಒತ್ತಡದಲ್ಲಿ, ಒಡಲು ಎಳೆತದಲ್ಲಿ ಉಳಿದುಬಿಡುತ್ತವೆ. ಎರಡೂ ಸಮನಾಗಿ ಜಗ್ಗುವುದರಿಂದ ಪ್ಲೇಟು ನೆಟ್ಟಗೆ ಕಾಣುತ್ತದೆ. ಹಗ್ಗಜಗ್ಗಾಟದಲ್ಲಿ ಎರಡೂ ತಂಡ ಸಮಬಲವಾಗಿದ್ದರೆ ಹಗ್ಗ ಅಲ್ಲಾಡದೆ ನಿಲ್ಲುತ್ತದಲ್ಲ, ಹಾಗೆ. ನಾನು ಒಂದು ಬದಿಯಿಂದ 5 ಮಿ.ಮೀ. ಆಳದ ಪಾಕೆಟ್ ತೆಗೆದಾಗ ಒಂದು ತಂಡದ ಅರ್ಧ ಜನರನ್ನು ಎಬ್ಬಿಸಿ ಕಳಿಸಿದಂತಾಯಿತು.

ಇದಕ್ಕೆ ಮದ್ದು ಕಚ್ಚಾ ಮಾಲಿನಿಂದಲೇ ಶುರುವಾಗುತ್ತದೆ. ಟಿ651 ಅಂತ ಒಂದು ಬರುತ್ತದೆ. ತಣಿಸಿದ ಮೇಲೆ ಪ್ಲೇಟನ್ನು ಎರಡೂ ತುದಿಯಲ್ಲಿ ಹಿಡಿದು ಒಂದೂವರೆಯಿಂದ ಮೂರು ಶೇಕಡದಷ್ಟು ಎಳೆದು ಉದ್ದ ಮಾಡಿರುತ್ತಾರೆ. ಆ ಎಳೆತದಲ್ಲಿ ಒಳಗಿನ ಜಗ್ಗಾಟ ಬಹುಪಾಲು ಇಳಿದುಹೋಗುತ್ತದೆ. ಆರ್ಡರ್ ಶೀಟಿನಲ್ಲಿ ಟಿ6 ಅಂತ ಬರೆಯುವುದಕ್ಕೂ ಟಿ651 ಅಂತ ಬರೆಯುವುದಕ್ಕೂ ವ್ಯತ್ಯಾಸ ಎರಡೇ ಅಂಕಿ. ಎರಡೂ ಒಂದೇ ಅಂತಲೇ ನಾನು ಎಷ್ಟೋ ದಿನ ತಿಳಿದಿದ್ದೆ. ಚಪ್ಪಟೆತನವೇ ಮುಖ್ಯ, ಬಲ ಅಷ್ಟು ಬೇಡ ಅನ್ನುವ ಕಡೆ ಎರಕದ ಟೂಲಿಂಗ್ ಪ್ಲೇಟ್ ಇನ್ನೂ ಒಳ್ಳೆಯದು. ಅದನ್ನು ಎರಕ ಹೊಯ್ದು, ಒಳಗಿನ ಒತ್ತಡ ಇಳಿಸಿ, ಎರಡೂ ಮುಖ ನಯ ಮಾಡಿಯೇ ಮಾರುತ್ತಾರೆ. ಅದರಲ್ಲಿ ಸ್ಕ್ರೂಗೆ ಸಣ್ಣ ಥ್ರೆಡ್ ಹಾಕಿ ಜೋರಾಗಿ ಬಿಗಿದರೆ ಕಿತ್ತು ಬರಬಹುದು, ಅದೊಂದು ಎಚ್ಚರ ಬೇಕು.

ಕಡಿಯುವ ಕ್ರಮವನ್ನೂ ಬದಲಿಸಿದೆ. ಮೊದಲು ಒಂದು ಬದಿ ಪೂರ್ತಿ ಮುಗಿಸಿ ತಿರುಗಿಸುತ್ತಿದ್ದೆ. ಈಗ ಎರಡೂ ಬದಿಯಿಂದ ರಫಿಂಗ್, ಅಂದರೆ ಮೊದಲ ಒರಟು ಕಡಿತ, ಮಾಡಿ ಎಲ್ಲ ಕಡೆ ಅರ್ಧ ಮಿ.ಮೀ. ಉಳಿಸಿಕೊಳ್ಳುತ್ತೇನೆ. ವೈಸ್ ಬಿಚ್ಚುತ್ತೇನೆ. ಬಾಗುವುದಿದ್ದರೆ ಆಗಲೇ ಬಾಗಲಿ. ಆಮೇಲೆ ಹಗುರವಾಗಿ ಹಿಡಿದು ಒಂದು ಮುಖವನ್ನು ತೆಳ್ಳಗೆ ಸವರಿ, ಆ ಮುಖದ ಮೇಲೆ ಕೂರಿಸಿ ಇನ್ನೊಂದನ್ನು ಮುಗಿಸುತ್ತೇನೆ. ಸಮಯ ಜಾಸ್ತಿ ಹಿಡಿಯುತ್ತದೆ ನಿಜ. ಮೂರು ಪ್ಲೇಟು ಗುಜರಿಗೆ ಹಾಕುವುದಕ್ಕಿಂತ ಕಡಿಮೆ.

ರಫಿಂಗ್ ಆದ ಜಾಬನ್ನು ರಾತ್ರಿಯಿಡೀ ಬಿಟ್ಟರೆ ಅದರೊಳಗಿನ ಒತ್ತಡ ತಾನಾಗಿ ಇಳಿಯುತ್ತದೆ ಅಂತ ಹೇಳುವವರಿದ್ದಾರೆ. ನನಗೆ ನಂಬಿಕೆ ಇಲ್ಲ. ಬಾಗುವುದು ಬಿಚ್ಚಿದ ಕ್ಷಣದಲ್ಲೇ, ಡಯಲ್ ಅದನ್ನು ತೋರಿಸಿದೆ. ಕೋಣೆಯ ಬಿಸಿಯಲ್ಲಿ ಸುಮ್ನೆ ಮಲಗಿಸಿದರೆ ಅಲ್ಯೂಮಿನಿಯಂನ ಒತ್ತಡ ಹೇಳಿಕೊಳ್ಳುವಷ್ಟು ಇಳಿಯುವುದಿಲ್ಲ. ರಾತ್ರಿ ಬಿಟ್ಟರೆ ಆಗುವ ಲಾಭ ಬೇರೆಯದು. ಜಾಬ್ ತಣ್ಣಗಾಗುತ್ತದೆ. ಆ ವಿಷಯಕ್ಕೆ ಬರುತ್ತೇನೆ.

ಅದಕ್ಕೂ ಮೊದಲು ವೈಸಿನದೇ ಒಂದು ಮಾತು. ಉಕ್ಕಿಗೆ ಹೋಲಿಸಿದರೆ ಅಲ್ಯೂಮಿನಿಯಂನ ಬಿಗುವು ಮೂರನೇ ಒಂದು ಪಾಲು. ಸ್ಥಿತಿಸ್ಥಾಪಕತೆಯ ಅಂಕ ಉಕ್ಕಿಗೆ ಸುಮಾರು 200 ಗಿಗಾಪಾಸ್ಕಲ್, ಅಲ್ಯೂಮಿನಿಯಂಗೆ 69. ಅಂದರೆ ಅದೇ ಬಲದಲ್ಲಿ ಹಿಡಿದರೆ ಇದು ಮೂರು ಪಟ್ಟು ಹೆಚ್ಚು ಹಿಂಡಿಕೊಳ್ಳುತ್ತದೆ. 7075 ಅನ್ನುವ ಇನ್ನೊಂದು ಅಲ್ಯೂಮಿನಿಯಂ ತಗೊಂಡರೆ ಈ ತೊಂದರೆ ತಪ್ಪುತ್ತದೆ ಅಂದುಕೊಂಡಿದ್ದೆ. ಅದು ಬಲದಲ್ಲಿ ಜಾಸ್ತಿ, ಆದರೆ ಬಿಗುವಿನಲ್ಲಿ ಹೆಚ್ಚು ಕಡಿಮೆ ಅಷ್ಟೇ. ತೆಳು ಗೋಡೆಯ ಡಬ್ಬಿಯಂಥ ಜಾಬನ್ನು ವೈಸಿನಲ್ಲಿ ಹಿಂಡಿ, ಒಳಗೆ ದುಂಡಗೆ ಬೋರ್ ಮಾಡಿ ಬಿಚ್ಚಿದರೆ, ಗೋಡೆ ಹಿಂದಕ್ಕೆ ಹೋಗಿ ಬೋರ್ ಮೊಟ್ಟೆಯಾಕಾರ ಆಗಿರುತ್ತದೆ. ಈಗ ಅಂಥದ್ದಕ್ಕೆ ಜಾಬಿನ ಆಕಾರಕ್ಕೇ ಕೊರೆದ ಅಲ್ಯೂಮಿನಿಯಂ ಸಾಫ್ಟ್ ಜಾ, ಅಂದರೆ ವೈಸಿನ ಮೆತ್ತನೆ ದವಡೆ, ಹಾಕುತ್ತೇನೆ. ಕೊನೆಯ ಕಟ್‌ಗೆ ಮುಂಚೆ ಒಮ್ಮೆ ಸಡಿಲಿಸಿ ಮತ್ತೆ ಕಡಿಮೆ ಬಲದಲ್ಲಿ ಹಿಡಿಯುತ್ತೇನೆ. ಇನ್ನೂ ತೆಳ್ಳಗಿನದಕ್ಕೆ ಪಕ್ಕದಿಂದ ಹಿಡಿಯುವುದನ್ನೇ ಬಿಟ್ಟು ಮೇಲಿಂದ ಅಂಚಿನಲ್ಲಿ ಒತ್ತಿಹಿಡಿಯುವ ಕ್ಲ್ಯಾಂಪ್.

ಇನ್ನು ಬಿಸಿಯ ವಿಷಯ.

ಒಂದು ಹೀಟಿಂಗ್ ಬ್ಲಾಕ್ ಮಾಡಬೇಕಿತ್ತು. 96 ಸಣ್ಣ ಟ್ಯೂಬುಗಳು ಕೂರುವ, 96 ಶಂಕುವಿನಾಕಾರದ ತೂತುಗಳಿರುವ ಅಲ್ಯೂಮಿನಿಯಂ ಗಟ್ಟಿ. ಲ್ಯಾಬಿನ ಪ್ಲೇಟುಗಳಲ್ಲಿ ಈ 96ರ ಜೋಡಣೆಗೆ ಒಂದು ಪ್ರಮಾಣವಿದೆ. 8 ಸಾಲು, ಸಾಲಿಗೆ 12, ಒಂದರ ನಡುವಿನಿಂದ ಇನ್ನೊಂದರ ನಡುವಿಗೆ 9 ಮಿ.ಮೀ. ಮೊದಲ ತೂತಿನಿಂದ ಹನ್ನೆರಡನೆಯದಕ್ಕೆ 99 ಮಿ.ಮೀ. ಡ್ರಾಯಿಂಗಿನಲ್ಲಿ ಪ್ರತಿ ತೂತಿನ ಜಾಗಕ್ಕೂ ಟಾಲರೆನ್ಸ್, ಅಂದರೆ ಮಾಫಿ ಇರುವ ತಪ್ಪು, ಪ್ಲಸ್ ಮೈನಸ್ 0.01 ಮಿ.ಮೀ. ಅಂತ ಬರೆದಿತ್ತು. ನಾನು ಹೆಮ್ಮೆಯಿಂದ ಒಪ್ಪಿಕೊಂಡೆ. ಮಷೀನಿಗೆ ಆ ತಾಕತ್ತಿತ್ತು.

ಮಷೀನಿನಿಂದ ಇಳಿಸಿ ಅಳೆದೆ. ಕೊನೆಯ ತೂತು 28 ಮೈಕ್ರಾನ್ ಆಚೆಗಿತ್ತು. ಮತ್ತೆ ಅಳೆದೆ, 25. ಊಟ ಮುಗಿಸಿ ಬಂದು ಅಳೆದೆ, 9. ತೂತುಗಳು ತಾವಾಗಿಯೇ ಜಾಗ ಬದಲಿಸುತ್ತಿವೆಯಾ ಅನ್ನಿಸಿತು. ನಿಜವಾಗಿ ಹಾಗೇ ಆಗುತ್ತಿತ್ತು. ಅಲ್ಯೂಮಿನಿಯಂ ಒಂದು ಡಿಗ್ರಿ ಬಿಸಿಯಾದರೆ ಮೀಟರಿಗೆ 23.6 ಮೈಕ್ರಾನ್ ಹಿಗ್ಗುತ್ತದೆ. ಉಕ್ಕಿನದು ಅದರ ಅರ್ಧ. ಅಳತೆಯ ಲೆಕ್ಕವೆಲ್ಲ 20 ಡಿಗ್ರಿಗೆ ಅಂತ ಐಎಸ್‌ಒ 1 ಅನ್ನುವ ಅಂತರರಾಷ್ಟ್ರೀಯ ಪ್ರಮಾಣ ಹೇಳುತ್ತದೆ. ಮಷೀನಿನಿಂದ ಇಳಿದ ಬ್ಲಾಕ್ 32 ಡಿಗ್ರಿ ಇತ್ತು. 12 ಡಿಗ್ರಿ, 99 ಮಿ.ಮೀ., ಗುಣಿಸಿದರೆ 28 ಮೈಕ್ರಾನ್. ನಾನು ಅಳೆದದ್ದು ತೂತಿನ ಜಾಗವನ್ನಲ್ಲ, ಬ್ಲಾಕಿನ ಜ್ವರವನ್ನು.

ಅಳೆಯುವ ಮೊದಲು ಗ್ರಾನೈಟಿನ ಮೇಲೆ ಎರಡು ಗಂಟೆ ಬಿಡುವುದು ರೂಢಿಯಾಯಿತು. ಕೈಯಲ್ಲಿ ಹಿಡಿದು ಮೈಕ್ರೋಮೀಟರ್ ಹಾಕುವುದನ್ನೂ ಬಿಟ್ಟೆ. ಸಣ್ಣ ಜಾಬಾದರೆ ಅಂಗೈಯ ಬಿಸಿಯೇ ಸಾಕು. ಫಿನಿಶಿಂಗ್ ಕಟ್‌ಗೆ ಮುಂಚೆ ಮಷೀನಿನ ಮೇಲೇ ಜಾಬ್ ತಣಿಯಲು ಬಿಡುತ್ತೇನೆ. ರಫಿಂಗ್ ಬಿಸಿಯಲ್ಲಿರುವಾಗಲೇ ಫಿನಿಶ್ ಮಾಡಿದರೆ ಸರಿಯಾದ ಅಳತೆಗೆ ಕಡಿದದ್ದೂ ತಣ್ಣಗಾದ ಮೇಲೆ ಚಿಕ್ಕದಾಗಿರುತ್ತದೆ.

ಆದರೆ ಈ ಬ್ಲಾಕ್ ಕಲಿಸಿದ್ದು ಇಷ್ಟೇ ಅಲ್ಲ. ಒಂದು ದಿನ ಲೆಕ್ಕ ಹಾಕುತ್ತ ಕೂತಿದ್ದೆ. ಈ ಬ್ಲಾಕು ಲ್ಯಾಬಿನಲ್ಲಿ 95 ಡಿಗ್ರಿಯಲ್ಲಿ ಕೆಲಸ ಮಾಡುತ್ತದೆ. 20ರಿಂದ 95ಕ್ಕೆ 75 ಡಿಗ್ರಿ. ಅಷ್ಟಕ್ಕೆ ಆ 99 ಮಿ.ಮೀ. ದೂರ ಸುಮಾರು 0.175 ಮಿ.ಮೀ. ಬೆಳೆಯುತ್ತದೆ. ನಡುವಿನಿಂದ ಲೆಕ್ಕ ಹಿಡಿದರೂ ಪ್ರತಿ ಬದಿಗೆ 0.09. ಹಾಗಾದರೆ ನಾನು ಒದ್ದಾಡಿ ಹಿಡಿದ 0.01 ಯಾರಿಗೆ ಬೇಕಿತ್ತು?

ಉಪಕರಣ ವಿನ್ಯಾಸ ಮಾಡಿದವರಿಗೆ ಫೋನ್ ಮಾಡಿದೆ. ‘ಮೇಡಂ, ಈ 0.01 ಯಾತಕ್ಕೆ?’ ಅಂತ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಳೇ ಡ್ರಾಯಿಂಗಿನಲ್ಲಿ ಹಾಗೇ ಇತ್ತು, ಕಾಪಿ ಮಾಡಿದ್ವಿ’ ಅಂದರು. ಅವರಿಗೆ ನಿಜವಾಗಿ ಬೇಕಿದ್ದದ್ದು ಬೇರೆ. ಟ್ಯೂಬು ತೂತಿನ ಗೋಡೆಗೆ ಎಲ್ಲ ಕಡೆ ತಾಗಿ ಕೂರಬೇಕು. 96ರಲ್ಲೂ ಒಂದೇ ಆಳಕ್ಕೆ ಕೂರಬೇಕು. ಇಲ್ಲದಿದ್ದರೆ ಒಂದು ಟ್ಯೂಬು ಬೇಗ ಬಿಸಿಯಾಗಿ ಇನ್ನೊಂದು ಹಿಂದುಳಿಯುತ್ತದೆ. ಡ್ರಾಯಿಂಗಿನಲ್ಲಿ ತೂತಿನ ಆಳಕ್ಕೆ ಟಾಲರೆನ್ಸೇ ಇರಲಿಲ್ಲ!

ಅದು ಎಷ್ಟು ದೊಡ್ಡ ವಿಷಯ ಅಂತ ಆಮೇಲೆ ತಿಳಿಯಿತು. 6061 ಅಲ್ಯೂಮಿನಿಯಂ ಬಿಸಿಯನ್ನು ಸಾಗಿಸುವ ಶಕ್ತಿ ಮೀಟರ್-ಡಿಗ್ರಿಗೆ ಸುಮಾರು 167 ವ್ಯಾಟ್. ನಿಂತ ಗಾಳಿಯದು 0.026. ಆರು ಸಾವಿರ ಪಟ್ಟಿಗೂ ಮೇಲೆ ವ್ಯತ್ಯಾಸ. ಟ್ಯೂಬಿಗೂ ಗೋಡೆಗೂ ನಡುವೆ 0.1 ಮಿ.ಮೀ. ಗಾಳಿ ಉಳಿದರೆ, ಬಿಸಿಯ ಪಾಲಿಗೆ ಅದು ಅರವತ್ತು ಸೆಂಟಿಮೀಟರಿಗೂ ಜಾಸ್ತಿ ದಪ್ಪದ ಅಲ್ಯೂಮಿನಿಯಂ ಗೋಡೆಯಷ್ಟು ಅಡ್ಡಿ. ನಾನು ಜಾಗದ ಮೈಕ್ರಾನ್ ಎಣಿಸುತ್ತಿದ್ದೆ, ಇಲ್ಲಿ ಬಿಸಿಯೇ ದಾರಿ ತಪ್ಪಿ ನಿಂತಿತ್ತು.

ತೂತಿನ ಜಾಗದ ಟಾಲರೆನ್ಸ್ 0.05ಕ್ಕೆ ಸಡಿಲವಾಯಿತು. ಆಳ ಮತ್ತು ಕೋನಕ್ಕೆ ಬಿಗಿಯಾಯಿತು. ಇಲ್ಲಿ ಒಂದು ಗಣಿತ ನನಗೆ ಇಷ್ಟ. ಶಂಕುವಿನ ಪೂರ್ತಿ ಕೋನ 17 ಡಿಗ್ರಿ ಇದ್ದರೆ, ವ್ಯಾಸದಲ್ಲಿ ಬರೀ 0.03 ಮಿ.ಮೀ. ತಪ್ಪಾದರೂ ಟ್ಯೂಬು 0.1 ಮಿ.ಮೀ. ಮೇಲೆ ಅಥವಾ ಕೆಳಗೆ ಕೂರುತ್ತದೆ. ಸಣ್ಣ ತಪ್ಪನ್ನು ಶಂಕು ಮೂರು ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ. ಹಾಗಾಗಿ ತೂತನ್ನು ಅಳೆಯುವುದಕ್ಕೂ ಅದೇ ದಾರಿ ಹಿಡಿದೆ. ಅದೇ ಕೋನದ ಒಂದು ಗಟ್ಟಿ ಗೇಜ್ ಮಾಡಿ, ಪ್ರತಿ ತೂತಿಗೂ ಇಳಿಸಿ, ಎಷ್ಟು ಎತ್ತರಕ್ಕೆ ನಿಂತಿದೆ ಅಂತ ಡಯಲ್ಲಿನಲ್ಲಿ ನೋಡುವುದು.

ಹಾಗೆ 96 ತೂತಿನ ಎತ್ತರವನ್ನೂ ಬರೆದಿಟ್ಟಾಗ ಒಂದು ವಿಚಿತ್ರ ಕಂಡಿತು. ಮೊದಲ ಸಾಲಿನಿಂದ ಕೊನೆಯ ಸಾಲಿಗೆ ಹೋಗುತ್ತ ಗೇಜ್ ಸ್ವಲ್ಪ ಸ್ವಲ್ಪವೇ ಕೆಳಗಿಳಿಯುತ್ತಿತ್ತು. ಟೂಲ್ ಸವೆದಿದ್ದರೆ ಉಲ್ಟಾ ಆಗಬೇಕಿತ್ತು, ತೂತು ಚಿಕ್ಕದಾಗುತ್ತ ಹೋಗಬೇಕಿತ್ತು. ಇದು ಸ್ಪಿಂಡಲ್ಲಿನ ಕೆಲಸ. ಬೆಳಿಗ್ಗೆ ತಣ್ಣಗಿದ್ದ ಸ್ಪಿಂಡಲ್ ತಿರುಗುತ್ತ ಬಿಸಿಯಾಗಿ ಉದ್ದವಾಗುತ್ತದೆ, ಟೂಲ್ ಅಷ್ಟು ಕೆಳಗೆ ಹೋಗುತ್ತದೆ. ಈಗ ಬೆಳಿಗ್ಗೆ ಬಂದ ಕೂಡಲೇ ಖಾಲಿ ಸ್ಪಿಂಡಲನ್ನು ಇಪ್ಪತ್ತು ನಿಮಿಷ ಓಡಿಸಿ, ಆಮೇಲೆ ಟೂಲಿನ ಉದ್ದ ಅಳೆದು ಅದರ ಆಫ್‌ಸೆಟ್ ತೆಗೆದುಕೊಳ್ಳುತ್ತೇನೆ. ಪುಕ್ಕಟೆ ಸಿಕ್ಕ ಸುಧಾರಣೆ ಇದು.

ಕಡಿಯುವ ವಿಧಾನದ ಬಗ್ಗೆಯೂ ಹೇಳಬೇಕು. ಜನ ಸುಧಾರಣೆ ಅಂದ ಕೂಡಲೇ ಕೇಳುವುದು ಅದನ್ನೇ. ಎಷ್ಟು ಆರ್‌ಪಿಎಂ, ಎಷ್ಟು ಫೀಡ್, ಅಂದರೆ ಟೂಲು ಮುಂದೆ ಸಾಗುವ ವೇಗ?

ನನ್ನ ದೊಡ್ಡ ತಪ್ಪು ಹೆದರಿಕೆಯದು. ನಯವಾದ ಮುಖ ಬೇಕು ಅಂದರೆ ನಿಧಾನ ಹೋಗಬೇಕು ಅಂದುಕೊಂಡಿದ್ದೆ. 10 ಮಿ.ಮೀ. ವ್ಯಾಸದ ಮೂರು ಹಲ್ಲಿನ ಎಂಡ್ ಮಿಲ್, 3000 ಆರ್‌ಪಿಎಂ, ನಿಮಿಷಕ್ಕೆ 100 ಮಿ.ಮೀ. ಫೀಡ್. ಭಾಗಿಸಿದರೆ ಒಂದೊಂದು ಹಲ್ಲಿಗೆ ಸಿಗುವುದು 0.011 ಮಿ.ಮೀ. ಹಲ್ಲಿನ ಅಂಚು ಎಷ್ಟೇ ಚೂಪಾಗಿದ್ದರೂ ಅದಕ್ಕೂ ಒಂದು ದುಂಡಗಿನ ಮೂತಿ ಇರುತ್ತದೆ. ಇಷ್ಟು ತೆಳು ಕೊಟ್ಟರೆ ಅದು ಕಡಿಯುವುದಿಲ್ಲ, ಉಜ್ಜುತ್ತದೆ. ಉಜ್ಜಿದರೆ ಬಿಸಿ. ಬಿಸಿಗೆ ಅಲ್ಯೂಮಿನಿಯಂ ಮೆತ್ತಗಾಗಿ ಹಲ್ಲಿನ ತುದಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಕಡಿಯುವುದು ಹಲ್ಲಿನ ಗಟ್ಟಿ ಕಾರ್ಬೈಡ್ ಅಲ್ಲ, ಅದಕ್ಕೆ ಮೆತ್ತಿಕೊಂಡ ಅಲ್ಯೂಮಿನಿಯಂ ಮುದ್ದೆ. ಅದು ಬೆಳೆಯುತ್ತದೆ, ಕಿತ್ತು ಹೋಗುತ್ತದೆ, ಹೋಗುವಾಗ ಮುಖದ ಮೇಲೆ ಗೀರಿ ಹೋಗುತ್ತದೆ. ನಾನು ಆ ಗೀರು ನೋಡಿ ಫೀಡನ್ನು ಇನ್ನೂ ಇಳಿಸುತ್ತಿದ್ದೆ!

ಕಾರ್ಬೈಡ್ ಟೂಲಿಗೆ ಅಲ್ಯೂಮಿನಿಯಂನಲ್ಲಿ ನಿಮಿಷಕ್ಕೆ 300 ಮೀಟರ್ ವೇಗ ಧಾರಾಳವಾಗಿ ಕೊಡಬಹುದು. ಅದೇ 10 ಮಿ.ಮೀ. ಟೂಲಿಗೆ ಅದು ಸುಮಾರು 9550 ಆರ್‌ಪಿಎಂ. ಹಲ್ಲಿಗೆ 0.05 ಇಟ್ಟರೆ ಫೀಡ್ ನಿಮಿಷಕ್ಕೆ 1430 ಮಿ.ಮೀ. ಮೊದಲ ಸಲ ಆ ವೇಗದಲ್ಲಿ ಬಿಟ್ಟಾಗ ಕೈ ಎಮರ್ಜೆನ್ಸಿ ಬಟನ್ ಮೇಲೇ ಇತ್ತು. ಮುಖ ಕನ್ನಡಿಯ ಹಾಗೆ ಬಂತು. ಬಿಸಿಯೂ ಕಡಿಮೆ, ಯಾಕೆಂದರೆ ದಪ್ಪಗಿನ ಚಿಪ್ಸ್, ಕಡಿದ ಲೋಹದ ಚೂರು, ತನ್ನ ಜೊತೆಗೇ ಬಿಸಿಯನ್ನು ಹೊತ್ತುಕೊಂಡು ಹಾರಿಹೋಗುತ್ತದೆ.

ಟೂಲ್ ಆರಿಸುವಾಗ ನೋಡುವುದು ಸ್ವಲ್ಪವೇ. ಎರಡು ಅಥವಾ ಮೂರು ಹಲ್ಲು, ಚಿಪ್ಸ್ ಹೊರಬರಲು ಜಾಗ ಇರಬೇಕು. ಉಜ್ಜಿ ಹೊಳಪು ಕೊಟ್ಟ, ಕೋಟಿಂಗ್ ಇಲ್ಲದ ಕಾರ್ಬೈಡ್ ನನಗೆ ಸಾಕು. ಬೇಕಿದ್ದರೆ ಜಿರ್ಕೋನಿಯಂ ನೈಟ್ರೈಡ್ ಅಥವಾ ವಜ್ರದಂಥ ಕಾರ್ಬನ್ ಕೋಟಿಂಗ್. ಉಕ್ಕಿಗೆ ಚೆನ್ನಾಗಿ ಒಗ್ಗುವ ಟೈಟಾನಿಯಂ ಅಲ್ಯೂಮಿನಿಯಂ ನೈಟ್ರೈಡ್ ಇಲ್ಲಿ ಬೇಡ. ಹೆಸರಲ್ಲೇ ಇದೆ, ಅದರೊಳಗೂ ಅಲ್ಯೂಮಿನಿಯಂ, ಅಂಟಿಕೊಳ್ಳಲು ನೆಂಟಸ್ತನ ಜಾಸ್ತಿ. ಮತ್ತೆ, ಟೂಲನ್ನು ಹಿಡಿಯುವ ಕಾಲೆಟ್ಟಿನಿಂದ ಅದನ್ನು ಎಷ್ಟು ಉದ್ದ ಹೊರಗೆ ಬಿಟ್ಟಿದ್ದೀರಿ ಅನ್ನುವುದು. ಟೂಲಿನ ಬಾಗು ಆ ಉದ್ದದ ಘನಕ್ಕೆ ತಕ್ಕಂತೆ ಏರುತ್ತದೆ. 40 ಮಿ.ಮೀ. ಬಿಟ್ಟಿದ್ದನ್ನು 30ಕ್ಕೆ ಇಳಿಸಿದರೆ ಬಾಗು ಅರ್ಧಕ್ಕಿಂತ ಕಡಿಮೆ ಆಗುತ್ತದೆ. ಹೊಸ ಟೂಲ್ ಕೊಳ್ಳುವ ಮೊದಲು ಇರುವುದನ್ನು ಒಳಗೆ ತಳ್ಳಿ ನೋಡಿ.

ಟೂಲ್ ಬಾಗುವ ತೊಂದರೆ ನನಗೆ ಸರಿಯಾಗಿ ಅರ್ಥವಾದದ್ದು ಕ್ಯುವೆಟ್ ಹೋಲ್ಡರ್ ಮಾಡುವಾಗ. ದ್ರಾವಣದ ಮೂಲಕ ಬೆಳಕು ಹಾಯಿಸಿ ಅಳೆಯುವ ಉಪಕರಣದಲ್ಲಿ ಕೂರುವ ಚೌಕಾಕಾರದ ಗಾಜಿನ ಪಾತ್ರೆ ಈ ಕ್ಯುವೆಟ್. ಹೊರಗೆ 12.5 ಮಿ.ಮೀ., ಒಳಗೆ ಬೆಳಕು ಹಾಯುವ ದಾರಿ 10 ಮಿ.ಮೀ. ಅದು ಕೂರಲು ಚೌಕ ಗುಂಡಿ ಬೇಕು, 30 ಮಿ.ಮೀ. ಆಳ. ತಿರುಗುವ ಟೂಲು ಚೌಕ ಮೂಲೆ ತೆಗೆಯಲಾರದು, ತನ್ನ ಅರ್ಧ ವ್ಯಾಸದಷ್ಟು ದುಂಡು ಬಿಡುತ್ತದೆ. ಹಾಗಾಗಿ ಸಣ್ಣ ಟೂಲು ಬೇಕು. ಸಣ್ಣ ಟೂಲನ್ನು 30 ಮಿ.ಮೀ. ಆಳಕ್ಕೆ ಬಿಟ್ಟರೆ ಕಡ್ಡಿಯ ಹಾಗೆ ಬಾಗುತ್ತದೆ, ಗುಂಡಿ ಮೇಲೆ ಅಗಲ, ಕೆಳಗೆ ಕಿರಿದು. ವಾರಗಟ್ಟಲೆ ಒದ್ದಾಡಿದೆ. ಕೊನೆಗೆ ಗೆದ್ದದ್ದು ಕಟಿಂಗಿನಿಂದಲ್ಲ. ಗುಂಡಿಯನ್ನೇ ಎರಡು ತುಂಡು ಮಾಡಿದೆ. ಒಂದು ತುಂಡಿನಲ್ಲಿ ತೆರೆದ ತೋಡು, ಇನ್ನೊಂದು ಅದನ್ನು ಮುಚ್ಚುವ ಚಪ್ಪಟೆ ಹಲಗೆ. ತೋಡನ್ನು ಪಕ್ಕದಿಂದ, ಮೋಟು ಟೂಲಿನಲ್ಲಿ ಸುಲಭವಾಗಿ ಕಡಿಯಬಹುದು. ಒಳಮೂಲೆಗಳಲ್ಲಿ ಒಂದೊಂದು ಸಣ್ಣ ಬಿಡುವು ಕೊರೆದೆ, ಗಾಜಿನ ಅಂಚು ಎಲ್ಲೂ ತಾಗದ ಹಾಗೆ.

ಬರ್ ಬಗ್ಗೆ ಎಲ್ಲರೂ ಕೊನೆಗೆ ಮಾತಾಡುತ್ತಾರೆ, ನಾನೂ ಹಾಗೇ ಮಾಡುತ್ತಿದ್ದೇನೆ ನೋಡಿ. ಕಡಿದ ಅಂಚಿನಲ್ಲಿ ಉಳಿಯುವ ಆ ಚೂಪು ಎಸಳು ಬೇರೆ ಕಡೆಯಾದರೆ ಬೆರಳು ಕೊಯ್ಯುತ್ತದೆ, ಅಷ್ಟೇ. ಲ್ಯಾಬಿನಲ್ಲಿ ಅದು ಕಿತ್ತುಬಂದು ಹರಿಯುವ ದ್ರವಕ್ಕೆ ಸೇರುತ್ತದೆ. ನನ್ನದೊಂದು ಜಾಬ್ ಹಾಗೆ ವಾಪಸ್ ಬಂದಿದೆ. ಎರಡು ತೂತು ಒಳಗೆ ಒಂದನ್ನೊಂದು ಸೇರುವ ಜಾಗದಲ್ಲಿ ಉಳಿದ ಎಸಳು ಹೋಗಿ ವಾಲ್ವಿನಲ್ಲಿ ಕೂತಿತ್ತು. ತಪ್ಪು ನನ್ನದೇ. ಹೊರಗಿನ ಅಂಚೆಲ್ಲ ಸವರಿದ್ದೆ, ಒಳಗೆ ಕಣ್ಣು ಹಾಯಿಸಿರಲಿಲ್ಲ. ಈಗ ಹೊರ ಅಂಚುಗಳಿಗೆ 0.2 ಮಿ.ಮೀ. ಚೇಂಫರನ್ನು, ಅಂದರೆ ಓರೆ ಅಂಚನ್ನು, ಪ್ರೋಗ್ರಾಮಿನಲ್ಲೇ ಬರೆಯುತ್ತೇನೆ. ಒಳ ತೂತಿಗೆ ದೀಪ ಮತ್ತು ಭೂತಗನ್ನಡಿ.

ತಳ ಮುಚ್ಚಿದ ತೂತಿನ ಥ್ರೆಡ್‌ಗೆ ಕಡಿಯುವ ಟ್ಯಾಪ್ ಬಿಟ್ಟು, ಲೋಹವನ್ನು ಒತ್ತಿ ಥ್ರೆಡ್ ಮೂಡಿಸುವ ಫಾರ್ಮಿಂಗ್ ಟ್ಯಾಪ್ ಹಿಡಿದೆ. ಅಲ್ಯೂಮಿನಿಯಂ ಮೆತ್ತಗಿರುವುದರಿಂದ ಚೆನ್ನಾಗಿ ಒಗ್ಗುತ್ತದೆ. ಚಿಪ್ಸೇ ಹುಟ್ಟುವುದಿಲ್ಲ, ತಳದಲ್ಲಿ ಉಳಿಯುವ ಮಾತೇ ಇಲ್ಲ. ತೂತು ಮಾತ್ರ ದೊಡ್ಡದಿರಬೇಕು. 3 ಮಿ.ಮೀ. ಸ್ಕ್ರೂ, ಅಂದರೆ ಎಂ3ಗೆ, ಕಡಿಯುವ ಟ್ಯಾಪಾದರೆ 2.5 ಡ್ರಿಲ್, ಇದಕ್ಕೆ 2.8. ಮರೆತು 2.5ರಲ್ಲಿ ಬಿಟ್ಟರೆ ಟ್ಯಾಪ್ ಮುರಿದು ಒಳಗೇ ಉಳಿಯುತ್ತದೆ. ಆ ಶಬ್ದ ನನಗೆ ಗೊತ್ತು.

ತೊಳೆಯುವಾಗಲೂ ಒಂದು ಎಚ್ಚರ. ಉಕ್ಕಿಗೆ ಬಳಸುವ ಕಾಸ್ಟಿಕ್ ನೀರಿನಲ್ಲಿ ಅಲ್ಯೂಮಿನಿಯಂ ಮುಳುಗಿಸಬೇಡಿ. ಅದು ಲೋಹವನ್ನೇ ತಿನ್ನುತ್ತದೆ, ಹೈಡ್ರೋಜನ್ ಗುಳ್ಳೆ ಏಳುತ್ತದೆ. ಕಷ್ಟಪಟ್ಟು ಹಿಡಿದ ಮೈಕ್ರಾನೆಲ್ಲ ಬಕೆಟ್ಟಿನಲ್ಲಿ ಕರಗಿಹೋಗುತ್ತದೆ.

ಇಷ್ಟೆಲ್ಲ ಆದ ಮೇಲೆ ಜಾಬ್ ನಮ್ಮ ಕೈ ಬಿಟ್ಟು ಅನೊಡೈಸಿಂಗಿಗೆ ಹೋಗುತ್ತದೆ. ಅಲ್ಲೂ ಅಳತೆ ಬದಲಾಗುತ್ತದೆ ಅಂತ ಗೊತ್ತಾದದ್ದು ಭಾಗಗಳನ್ನು ಜಾಗದಲ್ಲಿ ನಿಲ್ಲಿಸುವ ಒಂದು ಡೋವೆಲ್ ಪಿನ್ ತೂತಿನೊಳಗೆ ಹೋಗದೆ ನಿಂತಾಗ. ಅನೊಡೈಸಿಂಗ್ ಅಂದರೆ ಬಣ್ಣ ಬಳಿಯುವುದಲ್ಲ. ಲೋಹದ ಮೇಲ್ಮೈಯೇ ಆಕ್ಸೈಡ್ ಆಗಿ ಬದಲಾಗುವುದು. ಪದರದ ಒಂದು ಪಾಲು ಒಳಕ್ಕೆ, ಒಂದು ಪಾಲು ಹೊರಕ್ಕೆ ಬೆಳೆಯುತ್ತದೆ. ಸಾಮಾನ್ಯ ಅನೊಡೈಸಿಂಗಿನಲ್ಲಿ ಹೊರಕ್ಕೆ ಬರುವುದು ಸುಮಾರು ಮೂರನೇ ಒಂದು, ಹಾರ್ಡ್ ಅನೊಡೈಸಿಂಗಿನಲ್ಲಿ ಸುಮಾರು ಅರ್ಧ. 15 ಮೈಕ್ರಾನ್ ಸಾಮಾನ್ಯ ಪದರವಾದರೆ ಹೊರಕ್ಕೆ 5. ತೂತಿನಲ್ಲಿ ಎರಡೂ ಕಡೆಯಿಂದ ಸೇರಿ ವ್ಯಾಸ 10 ಮೈಕ್ರಾನ್ ಕಡಿಮೆ. 6 ಮಿ.ಮೀ. ತೂತಿಗೆ ಎಚ್7 ಅನ್ನುವ ಬಿಗಿ ದರ್ಜೆಯ ಟಾಲರೆನ್ಸ್ ಒಟ್ಟು ಇರುವುದೇ 12. ಬಹುಪಾಲು ಅಲ್ಲಿಗೇ ಖರ್ಚಾಯಿತು. 50 ಮೈಕ್ರಾನಿನ ಹಾರ್ಡ್ ಪದರವಾದರೆ ತೂತು 0.05 ಮಿ.ಮೀ. ಚಿಕ್ಕದು. ಥ್ರೆಡ್ಡಿನಲ್ಲಿ ಇಳಿಜಾರಿನ ಕಾರಣ ಇನ್ನೂ ಎರಡು ಪಟ್ಟು.

ಈಗ ಪಿನ್ನಿನ ತೂತು, ಥ್ರೆಡ್ ಎಲ್ಲಕ್ಕೂ ಮುಚ್ಚಳ ಹಾಕಿ ಕಳಿಸುತ್ತೇನೆ. ಡ್ರಾಯಿಂಗಿನಲ್ಲಿ ಪ್ರತಿ ಬಿಗಿ ಅಳತೆಯ ಪಕ್ಕ ‘ಅನೊಡೈಸಿಂಗ್ ನಂತರ’ ಅಂತ ಬರೆಯಿರಿ ಅಂತ ಲ್ಯಾಬಿನವರ ಬೆನ್ನು ಹತ್ತುತ್ತೇನೆ. ಡ್ರಾಯಿಂಗ್ ಬರೆಯುವವರಿಗೆ ಗೊತ್ತಿರದ ಎರಡು ಸಂಗತಿ ಇವೆ. ಆ ಪದರ ವಿದ್ಯುತ್ತನ್ನು ಬಿಡುವುದಿಲ್ಲ, ಅರ್ಥ್ ತಂತಿ ಕಟ್ಟುವ ಜಾಗವನ್ನು ಬರಿದಾಗಿ ಬಿಡಬೇಕು. ಇನ್ನೊಂದು ಬೆಳಕಿನದು. ಬಣ್ಣ ಹೀರಿಸಿದ ಸಾಮಾನ್ಯ ಕಪ್ಪು ಅನೊಡೈಸಿಂಗ್ ನಮ್ಮ ಕಣ್ಣಿಗಷ್ಟೇ ಕಪ್ಪು. ಇನ್‌ಫ್ರಾರೆಡ್ ಬೆಳಕಿಗೆ ಅದು ಬಹಳ ಸಲ ಹೊಳೆಯುವ ಲೋಹವೇ. ಬೆಳಕು ಪ್ರತಿಫಲಿಸಬಾರದು ಅಂತ ಕಪ್ಪು ಮಾಡಿಸಿದ ಡಬ್ಬಿ ಇನ್‌ಫ್ರಾರೆಡ್ ಸೆನ್ಸರಿನ ಕಣ್ಣಲ್ಲಿ ಬೆಳ್ಳಗೆ ಕಾಣುತ್ತಿದ್ದರೆ ಅದು ಮಿಲ್ಲಿಂಗಿನ ತಪ್ಪಲ್ಲ.

ಮೊದಲು ಹೇಳಿದ ಆ ಸ್ಟೇಜಿನ ಪ್ಲೇಟು ಈಗಲೂ ಆಗಾಗ ಬರುತ್ತದೆ. ಟಿ651, ಎರಡೂ ಬದಿಯ ರಫಿಂಗ್, ಹಗುರ ಹಿಡಿತ ಎಲ್ಲ ಮಾಡಿ ಬಾಗು 30 ಮೈಕ್ರಾನಿಗೆ ಇಳಿದಿತ್ತು. ಅದರ ಕೆಳಗೆ ಇಳಿಸಲು ಬಹಳ ಬೆವರು ಸುರಿಸಿದೆ. ಆಮೇಲೆ ಒಮ್ಮೆ ಲ್ಯಾಬಿಗೇ ಹೋಗಿ ಅದನ್ನು ಹೇಗೆ ಕೂರಿಸುತ್ತಾರೆ ಅಂತ ನೋಡಿದೆ. ನಾಲ್ಕು ಮೂಲೆಯಲ್ಲಿ ನಾಲ್ಕು ಸ್ಕ್ರೂ, ಕೆಳಗಿನ ಉಪಕರಣದ ಮುಖಕ್ಕೆ ಎಳೆದು ಬಿಗಿಯುತ್ತಿದ್ದರು. ಕೆಳಗಿನ ಮುಖ ಹೇಗೆ ಸೊಟ್ಟಗಿದೆಯೋ ನನ್ನ ಪ್ಲೇಟೂ ಹಾಗೇ ಆಗುತ್ತಿತ್ತು. ನಾನು ವೈಸಿನಲ್ಲಿ ಮಾಡುತ್ತಿದ್ದದ್ದನ್ನೇ ಅವರು ಸ್ಕ್ರೂನಲ್ಲಿ ಮಾಡುತ್ತಿದ್ದರು.

ಈಗಿನ ಪ್ಲೇಟಿನ ಅಡಿಯಲ್ಲಿ ಅರ್ಧ ಮಿ.ಮೀ. ಎತ್ತರದ ಮೂರು ದುಂಡು ಪ್ಯಾಡುಗಳಿವೆ, ಒಂದೊಂದು 12 ಮಿ.ಮೀ. ವ್ಯಾಸ. ಮೂರು ಕಾಲಿನ ಸ್ಟೂಲು ಯಾವ ನೆಲದ ಮೇಲೂ ಕುಂಟುವುದಿಲ್ಲವಲ್ಲ, ಹಾಗೆ. ಒಂದೊಂದು ಪ್ಯಾಡಿನ ನಡುಮಧ್ಯದಿಂದಲೇ ಒಂದೊಂದು ಸ್ಕ್ರೂ ಹಾದುಹೋಗುತ್ತದೆ. ನಿನ್ನೆಯ ಪ್ಲೇಟನ್ನು ವೈಸಿನಿಂದ ಬಿಚ್ಚುವಾಗಲೂ ಅಭ್ಯಾಸಬಲದಿಂದ ಡಯಲ್ ಇಟ್ಟು ನೋಡಿದೆ. ಮುಳ್ಳು 25 ಮೈಕ್ರಾನ್ ಓಡಿತು. ಒರೆಸಿ, ಡಬ್ಬಿಗೆ ಹಾಕಿ, ಕಳಿಸಿಬಿಟ್ಟೆ.